ಊರು ಕೇಳುವ ಮೊದಲು ಬೀಡು ನೋಡಿ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೆಂಚ್ ವೈಸ್ ಬೇಕು ಎಂದರೆ ಸಾಮಾನ್ಯವಾಗಿ ಎದುರಾಗುವುದು ಎರಡು ಪ್ರಶ್ನೆ. ಎಷ್ಟು ಇಂಚಿನದು? ಇಂಪೋರ್ಟೆಡ್ ಕೊಡಲೋ, ಲೋಕಲ್ ಸಾಕೋ? ಮೊದಲನೆಯದು ದವಡೆಯ ಅಗಲದ ಮಾತು. ನಾಲ್ಕೋ ಐದೋ ಆರೋ ಎಂದರೆ ಮುಗಿಯಿತು. ಎರಡನೆಯ ಪ್ರಶ್ನೆಯ ಹಿಂದೆ ಮಾತ್ರ ಬಹುಕಾಲದ ಒಂದು ನಂಬಿಕೆ ಇದೆ. ಹೊರದೇಶದ ಮಾಲು ಗಟ್ಟಿ, ನಮ್ಮದು ಅಷ್ಟಕ್ಕಷ್ಟೆ ಎಂಬುದು ಆ ನಂಬಿಕೆ. ಚೀನಾದ ಅಗ್ಗದ ಮಾಲು ಬಂದ ಮೇಲೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಹುಟ್ಟಿಕೊಂಡಿದೆ: ಹೊರಗಿನದು ಎಂದರೆ ಕಳಪೆ, ನಮ್ಮ ಪಂಜಾಬಿನ ವೈಸೇ ವಾಸಿ ಎಂದು. ಎರಡು ನಂಬಿಕೆಗಳೂ ಒಂದೇ ತಪ್ಪನ್ನು ಮಾಡುತ್ತವೆ ಎಂಬುದು ನನ್ನ ವಾದ. ವೈಸಿನ ಗುಣವನ್ನು ನಿರ್ಧರಿಸುವುದು ಮೂರು ಸಂಗತಿಗಳು. ಅದನ್ನು ಯಾವ ಲೋಹದಲ್ಲಿ ಎರೆದರು, ಎರೆದ ಮೇಲೆ ಎಲ್ಲೆಲ್ಲಿ ಯಂತ್ರಕ್ಕೆ ಹಾಕಿದರು, ಮಾಡಿಸಿದವನು ಏನನ್ನು ಕೇಳಿ ಮಾಡಿಸಿದ. ಈ ಮೂರೂ ಒಂದೇ ದೇಶದೊಳಗೆ, ಒಂದೇ ಊರಿನೊಳಗೆ, ಎಷ್ಟೋ ಸಲ ಒಂದೇ ಕಾರ್ಖಾನೆಯೊಳಗೆ ಬದಲಾಗುತ್ತವೆ. ಹಾಗಿರುವಾಗ ದೇಶದ ಹೆಸರು ನಮಗೆ ಹೇಳುವುದು ಬಹಳ ಕಡಿಮೆ. ಕೈಯಿಂದ ದುಡಿಯುವವರು ತಮ್ಮ ದುಡ್ಡು ಹಾಕಿ, ಹತ್ತಿಪ್ಪತ್ತು ವರ್ಷ ಬಾಳಲಿ ಎಂದು ಕೊಳ್ಳುವ ಉಪಕರಣ ಇದು. ಇದನ್ನು ಅಳೆಯುವ ಅಳತೆಗೋಲು ಸರಿಯಾಗಿರಬೇಕು.

ವೈಸ್ ನೋಡಲು ಸರಳ. ಮೇಜಿಗೆ ಬಿಗಿದ ಬಾಡಿ, ಅದರ ಮೇಲೆ ಕದಲದ ಒಂದು ದವಡೆ, ಹಿಂದೆ ಮುಂದೆ ಸರಿಯುವ ಇನ್ನೊಂದು ದವಡೆ ಮತ್ತು ಬಾಡಿಯೊಳಗೆ ಹೋಗುವ ಅದರ ತೋಳು, ಅದನ್ನು ಎಳೆದು ತರುವ ಸ್ಪಿಂಡಲ್, ಆ ಸ್ಪಿಂಡಲ್ ಕಚ್ಚಿಕೊಳ್ಳುವ ನಟ್, ತಿರುಗಿಸಲು ಹ್ಯಾಂಡಲ್. ಇಷ್ಟರಲ್ಲೇ ಎಂಥ ಬಲ ಹುಟ್ಟುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಸ್ಪಿಂಡಲಿನ ನಡುವಿನಿಂದ 200 ಮಿ.ಮೀ. ದೂರದಲ್ಲಿ ಹ್ಯಾಂಡಲನ್ನು ಹಿಡಿದಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು 1256 ಮಿ.ಮೀ. ಹಾದಿ ನಡೆಯುತ್ತದೆ. ಅಷ್ಟರಲ್ಲಿ ದವಡೆ ಸರಿಯುವುದು ಒಂದು ಥ್ರೆಡ್ಡಿನಷ್ಟು, ಅಂದರೆ 5 ಮಿ.ಮೀ. ಎನ್ನೋಣ. ಕೈಯ ಬಲ ಇಲ್ಲಿ ಸುಮಾರು 250 ಪಟ್ಟಾಗಬೇಕು. ನೀವು 15 ಕೆ.ಜಿ.ಯ ಒತ್ತು ಕೊಟ್ಟರೆ 3750 ಕೆ.ಜಿ. ಇದರಲ್ಲಿ ಮುಕ್ಕಾಲು ಪಾಲನ್ನು ಥ್ರೆಡ್ಡಿನ ಮತ್ತು ಕಾಲರಿನ ಘರ್ಷಣೆ ನುಂಗುತ್ತದೆ ಎಂದುಕೊಂಡರೂ ದವಡೆಯ ನಡುವೆ ಉಳಿಯುವುದು 900 ಕೆ.ಜಿ.ಗೂ ಮಿಕ್ಕ ಬಲ. ಹ್ಯಾಂಡಲಿಗೆ ಪೈಪು ತೊಡಿಸಿ ಉದ್ದವನ್ನು ಇಮ್ಮಡಿ ಮಾಡಿದರೆ ಅದೂ ಇಮ್ಮಡಿ. ಈ ಬಲ ನೇರವಾಗಿ ಸ್ಪಿಂಡಲಿನ ಗೆರೆಯಲ್ಲಿ ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸ್ಪಿಂಡಲ್ ಇರುವುದು ಕೆಳಗೆ, ನಾವು ಹಿಡಿಯುವ ಜಾಬ್ ಇರುವುದು ಮೇಲೆ ದವಡೆಯ ತುದಿಯಲ್ಲಿ. ಹೀಗಾಗಿ ಬಿಗಿದಷ್ಟೂ ಎರಡು ದವಡೆಗಳು ಹಿಂದಕ್ಕೆ ಬಾಗಲು ನೋಡುತ್ತವೆ, ಅವುಗಳ ಬುಡದ ಒಳಮೈ ಎಳೆತಕ್ಕೆ ಸಿಗುತ್ತದೆ. ವೈಸ್ ಒಡೆದರೆ ಹೆಚ್ಚಾಗಿ ಒಡೆಯುವುದು ಅಲ್ಲೇ. ಗುಣದ ಪರೀಕ್ಷೆ ಆ ಬುಡದಿಂದ ಶುರುವಾಗಬೇಕು.

ಆ ಬುಡದಲ್ಲಿರುವ ಲೋಹ ಸಾಮಾನ್ಯವಾಗಿ ಬೀಡು, ಅಂದರೆ ಎರಕದ ಕಬ್ಬಿಣ. ಬೀಡಿನಲ್ಲೂ ಎರಡು ಮುಖ್ಯ ಬಗೆ. ಫೌಂಡ್ರಿಯವರು ಗ್ರೇ ಐರನ್ ಎನ್ನುವ ಬೂದು ಬೀಡಿನಲ್ಲಿ ಇಂಗಾಲ ತೆಳ್ಳಗಿನ ಚಕ್ಕೆಗಳಾಗಿ ಲೋಹದೊಳಗೆಲ್ಲ ಹರಡಿಕೊಂಡಿರುತ್ತದೆ. ಹರಿಯಲು ಸುಲಭವಾಗಲಿ ಎಂದು ಚೀಟಿಯ ಮೇಲೆ ಸಾಲಾಗಿ ತೂತು ಹೊಡೆದಂತೆ ಈ ಚಕ್ಕೆಗಳು ಕೆಲಸ ಮಾಡುತ್ತವೆ. ಎಳೆದಾಗ ಬಿರುಕು ಒಂದರಿಂದ ಇನ್ನೊಂದಕ್ಕೆ ಓಡುತ್ತದೆ. ಅದುಮಿದರೆ ಈ ಲೋಹ ತಾನು ಎಳೆತಕ್ಕೆ ತಡೆಯುವುದರ ಮೂರು ನಾಲ್ಕು ಪಟ್ಟು ತಡೆಯುತ್ತದೆ. ಎಳೆದರೆ ಮಾತ್ರ ಬಾಗುವುದು, ಹಿಗ್ಗುವುದು ಎಂಬುದೇ ಇಲ್ಲದೆ ಥಟ್ಟನೆ ಮುರಿಯುತ್ತದೆ. ಭಾರತೀಯ ಮಾನಕ ಐಎಸ್ 210ರಲ್ಲಿ ಎಫ್‌ಜಿ 200 ಎಂದು ಕರೆಯುವ ದರ್ಜೆಗೆ ಚದರ ಮಿಲಿಮೀಟರಿಗೆ 200 ನ್ಯೂಟನ್, ಅಂದರೆ ಸುಮಾರು 20 ಕೆ.ಜಿ. ಎಳೆತ ತಡೆಯುವ ಶಕ್ತಿ ಇರಬೇಕು. ಇನ್ನೊಂದು ಬಗೆ ಎಸ್‌ಜಿ ಐರನ್. ಕರಗಿದ ಬೀಡಿಗೆ ಸುರಿಯುವ ಮೊದಲು ತುಸು ಮೆಗ್ನೀಸಿಯಂ ಸೇರಿಸಿದರೆ ಇಂಗಾಲ ಚಕ್ಕೆಯಾಗದೆ ಗುಂಡಗೆ ಗಟ್ಟಿಕಟ್ಟುತ್ತದೆ. 1943ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಪ್ರಯೋಗಾಲಯದಲ್ಲಿ ಕೀತ್ ಮಿಲ್ಲಿಸ್ ಇದನ್ನು ಕಂಡುಕೊಂಡರು. ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ಹೆಂಟನ್ ಮೊರೋ ಅವರು ಸೀರಿಯಂ ಎಂಬ ಇನ್ನೊಂದು ಧಾತುವಿನಿಂದ ಇದೇ ಫಲ ಪಡೆದರು. ಐಎಸ್ 1865ರ 500/7 ಎಂಬ ದರ್ಜೆಯ ಎಸ್‌ಜಿ ಬೀಡು 500 ನ್ಯೂಟನ್ ತಡೆಯಬೇಕು, ಜೊತೆಗೆ ಮುರಿಯುವ ಮೊದಲು ನೂರಕ್ಕೆ ಏಳರಷ್ಟು ಹಿಗ್ಗಬೇಕು. ಎರಡೂವರೆ ಪಟ್ಟು ಶಕ್ತಿ ದೊಡ್ಡದೇ. ವೈಸಿನ ಮಟ್ಟಿಗೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಹಿಗ್ಗು. ಸುತ್ತಿಗೆಯ ಪೆಟ್ಟು ಬಿದ್ದಾಗ ಹಿಗ್ಗುವ ಲೋಹ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಹಿಗ್ಗದ ಲೋಹ ಒಡೆಯುತ್ತದೆ. ಇವೆರಡರ ಮೇಲಿನದು ಫೋರ್ಜಿಂಗ್, ಅಂದರೆ ಉಕ್ಕನ್ನು ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ್ದು.

ಹಾಗಂದ ಮಾತ್ರಕ್ಕೆ ಬೂದು ಬೀಡಿನ ವೈಸ್ ಎಲ್ಲವೂ ಕೆಟ್ಟದ್ದಲ್ಲ. ಬಾಗುವಿಕೆಯ ವಿರುದ್ಧದ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದವಡೆಯ ಬುಡದ ದಪ್ಪ 25 ಮಿ.ಮೀ. ಇದ್ದದ್ದನ್ನು 35ಕ್ಕೆ ಏರಿಸಿದರೆ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಧಾರಾಳವಾಗಿ ಲೋಹ ಹಾಕಿ ಎರೆದ ಬೂದು ಬೀಡಿನ ವೈಸ್ ಅರ ಉಜ್ಜುವ, ಹ್ಯಾಕ್ಸಾದಲ್ಲಿ ಕೊಯ್ಯುವ, ಥ್ರೆಡ್ ಹಾಕುವ ಕೆಲಸಕ್ಕೆ ಒಂದು ತಲೆಮಾರು ಬಾಳುತ್ತದೆ. ಚಕ್ಕೆಯಾಗಿ ಹರಡಿದ ಅದೇ ಇಂಗಾಲ ಕಂಪನವನ್ನು ಹೀರಿಕೊಳ್ಳುವುದರಿಂದ ಅರದ ಕೆಲಸಕ್ಕೆ ಅದು ಹಿತ ಕೂಡ. ತೊಂದರೆ ಬರುವುದು ಬೂದು ಬೀಡನ್ನೇ ಹಾಕಿ ದಪ್ಪವನ್ನೂ ಕಡಿಮೆ ಮಾಡಿದಾಗ. ಬೀಡಿನ ಮಾಲಿನಲ್ಲಿ ಖರ್ಚು ತೂಕದ ಜೊತೆ ಏರುತ್ತದೆ. ಮಾರಾಟವಾಗುವುದಾದರೋ ಇಂಚಿನ ಲೆಕ್ಕದಲ್ಲಿ. ಹೀಗಿದ್ದಾಗ ತಯಾರಕನಿಗೆ ಉಳಿತಾಯದ ದಾರಿ ಒಂದೇ: ದವಡೆಯ ಅಗಲವನ್ನು ಹಾಗೇ ಇಟ್ಟು, ಕಣ್ಣಿಗೆ ಬೀಳದ ಕಡೆ ಲೋಹವನ್ನು ಕಡಿಮೆ ಮಾಡುವುದು. ಬಾಡಿಯ ಒಳಗನ್ನು ಟೊಳ್ಳು ಮಾಡಿ, ಸರಿಯುವ ತೋಳಿನ ಅಡಿಭಾಗವನ್ನು ತೆರವು ಬಿಟ್ಟು ಅವನು ಲೋಹ ಉಳಿಸುತ್ತಾನೆ. ಇದು ಪಂಜಾಬಿನಲ್ಲೂ ನಡೆಯುತ್ತದೆ, ಚೀನಾದಲ್ಲೂ ನಡೆಯುತ್ತದೆ. ಆರು ಇಂಚಿನ ಎರಡು ವೈಸುಗಳನ್ನು ಅಕ್ಕಪಕ್ಕ ತಕ್ಕಡಿಗೆ ಹಾಕಿದರೆ ಒಂದು ಇನ್ನೊಂದರ ಮುಕ್ಕಾಲು ತೂಗುವುದೂ ಉಂಟು. ಎರಡರ ಮೇಲೂ ಬರೆದಿರುವುದು ಮಾತ್ರ ಅದೇ ಆರು.

ಲೋಹದ ವಿಷಯದಲ್ಲಿ ನಮ್ಮವರಿಗೆ ಬಾರದ ವಿದ್ಯೆ ಏನಾದರೂ ಇದೆಯೇ? ಕರ್ನಾಟಕದ ಮಟ್ಟಿಗೇ ಹೇಳುವುದಾದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲೇ ಬೀಡು ಕರಗಿಸತೊಡಗಿತು. ಇಂದು ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಹುಬ್ಬಳ್ಳಿ, ರಾಜ್ಯದ ಗಡಿಯಾಚೆ ಕೊಲ್ಹಾಪುರ, ಕೊಯಮತ್ತೂರು, ಈ ಕಡೆಯ ಫೌಂಡ್ರಿಗಳು ವಾಹನಗಳಿಗೆ, ಪಂಪುಗಳಿಗೆ, ವಾಲ್ವುಗಳಿಗೆ ಬೇಕಾದ ಎರಕಗಳನ್ನು ಮಾಡಿಕೊಡುತ್ತವೆ. ಎಸ್‌ಜಿ ಬೀಡು ಅವರಿಗೆ ಹೊಸದಲ್ಲ. ವಾಹನದ ಕಂಪನಿ ಎರಕ ಕೊಳ್ಳುವಾಗ ದರ್ಜೆ ಬರೆದುಕೊಡುತ್ತದೆ, ಪರೀಕ್ಷೆಯ ತುಂಡನ್ನು ಎಳೆದು ನೋಡುತ್ತದೆ, ಗಡಸುತನ ಅಳೆಯುತ್ತದೆ, ಒಪ್ಪದ್ದನ್ನು ವಾಪಸು ಕಳಿಸುತ್ತದೆ. ಅದೇ ಕುಲುಮೆಯ ಅದೇ ಲೋಹ, ಅದೇ ಕೆಲಸಗಾರರ ಕೈ. ವೈಸ್ ಕೊಳ್ಳುವವರು ಕೇಳುವುದು ಇಂಚು ಮತ್ತು ದರ, ಅಷ್ಟೇ. ಕೇಳಿದ್ದು ಸಿಗುತ್ತದೆ, ಕೇಳದ್ದು ಸಿಗುವುದಿಲ್ಲ. ಜಲಂಧರ್, ಲುಧಿಯಾನಗಳು ಕೈ ಉಪಕರಣಗಳ ದೊಡ್ಡ ಕೇಂದ್ರಗಳು. ಅಲ್ಲಿಂದ ಯುರೋಪಿಗೆ, ಅಮೆರಿಕಕ್ಕೆ ಮಾಲು ಹೋಗುತ್ತದೆ, ಹಲವು ಸಲ ಅಲ್ಲಿನ ವ್ಯಾಪಾರಿಯ ಹೆಸರನ್ನೇ ಹೊತ್ತು ಹೋಗುತ್ತದೆ. ಅಲ್ಲಿನವರಿಗೆ ನಮ್ಮ ವೈಸ್ ಇಂಪೋರ್ಟೆಡ್. ಒಳ್ಳೆಯದನ್ನು ಮಾಡಲು ಬರುವ ಕೈಗಳು ಇಲ್ಲಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದೇಶದ ಹೆಸರು ಗುಣದ ಗುರುತಾಗುವುದು, ಆಗದೆ ಹೋಗುವುದು ಇತಿಹಾಸದಲ್ಲಿ ಹೇಗೆ ಅದಲುಬದಲಾಗಿದೆ ನೋಡಿ. ಇಂದು ಉಪಕರಣದ ಮೇಲೆ ಜರ್ಮನಿ ಎಂದಿದ್ದರೆ ನಾವು ಎರಡು ಮಾತಿಲ್ಲದೆ ನಂಬುತ್ತೇವೆ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಹೋಗಿದ್ದ ಜರ್ಮನಿಯ ಯಂತ್ರಶಾಸ್ತ್ರಜ್ಞ ಫ್ರಾಂಜ್ ರೂಲೋ, ತಮ್ಮ ದೇಶದ ಮಾಲು ಅಗ್ಗವೂ ಹೌದು ಕಳಪೆಯೂ ಹೌದು ಎಂದು ಊರಿಗೆ ಬರೆದರು. ಮುಂದೆ ಇಂಗ್ಲೆಂಡಿನ ಶೆಫೀಲ್ಡಿನ ಚಾಕು, ಕತ್ತರಿ, ಉಪಕರಣ ತಯಾರಕರು, ಜರ್ಮನರು ತಮ್ಮ ಅಗ್ಗದ ಎರಕದ ಮಾಲಿಗೆ ಶೆಫೀಲ್ಡಿನ ಹೆಸರನ್ನು ಒತ್ತಿ ಮಾರುತ್ತಿದ್ದಾರೆ ಎಂದು ಗೋಳಾಡಿದರು. 1887ರಲ್ಲಿ ಬ್ರಿಟನ್ ತಂದ ವ್ಯಾಪಾರ ಗುರುತುಗಳ ಕಾಯ್ದೆಯಿಂದಾಗಿ ಹೊರದೇಶದ ಮಾಲಿನ ಮೇಲೆ ಅದು ಎಲ್ಲಿಯದು ಎಂಬುದು ಕಾಣಿಸಿಕೊಳ್ಳತೊಡಗಿತು. ಕೊಳ್ಳುವವರು ಎಚ್ಚರಗೊಳ್ಳಲಿ ಎಂಬುದು ಅದರ ಉದ್ದೇಶವಾಗಿತ್ತು. ಕೆಲವೇ ವರ್ಷಗಳಲ್ಲಿ ಎಚ್ಚರಿಕೆಯ ಆ ಮುದ್ರೆ ಹೆಮ್ಮೆಯ ಮುದ್ರೆಯಾಯಿತು. ಆ ನಡುವೆ ಜರ್ಮನಿಯ ಮಣ್ಣು ಬದಲಾಗಿರಲಿಲ್ಲ. ಬದಲಾದದ್ದು ಅಲ್ಲಿನ ಉಕ್ಕು, ತರಬೇತಿ, ಪರೀಕ್ಷೆ. ಜಪಾನಿನ ಕಥೆಯೂ ಇದೇ. ಎರಡನೆಯ ಮಹಾಯುದ್ಧಕ್ಕೆ ಮೊದಲು ಆಟಿಕೆಯಂಥ ಮಾಲಿಗೆ ಹೆಸರಾಗಿದ್ದ ದೇಶ, 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಕರೆಸಿ ಗುಣ ನಿಯಂತ್ರಣದ ಪಾಠ ಹೇಳಿಸಿಕೊಂಡು, ಒಂದೆರಡು ದಶಕದಲ್ಲಿ ಜಗತ್ತಿಗೇ ಪಾಠ ಹೇಳುವ ಮಟ್ಟಕ್ಕೆ ಏರಿತು. ನಮ್ಮಲ್ಲೇ ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಜಾಲಹಳ್ಳಿಯಲ್ಲಿ ತಯಾರಾದ ಅದರ ಲೇತುಗಳನ್ನು ದೇಶದ ಕಾರ್ಖಾನೆಗಳು ಕಣ್ಣುಮುಚ್ಚಿ ಕೊಂಡ ಕಾಲವಿತ್ತು. ಹೊರಗಿನಿಂದ ಬಂದದ್ದು ನಕ್ಷೆ ಮತ್ತು ಪರೀಕ್ಷೆಯ ಶಿಸ್ತು, ಮಾಡಿದವರು ಇಲ್ಲಿನವರು.

ಹೆಸರಾಂತ ವೈಸುಗಳ ಚರಿತ್ರೆಯಲ್ಲೂ ಊರಿನ ಗೆರೆ ಹೀಗೇ ಕಲಸಿಹೋಗಿದೆ. ನೀಲಿ ಬಣ್ಣದ ರೆಕಾರ್ಡ್ ವೈಸುಗಳನ್ನು ಶೆಫೀಲ್ಡಿನ ಸಿ. ಅಂಡ್ ಜೆ. ಹ್ಯಾಂಪ್ಟನ್ ಎಂಬ ಕಂಪನಿ ಮಾಡುತ್ತಿತ್ತು. ಮುಂದೆ ಆ ಹೆಸರು ಕೈಯಿಂದ ಕೈಗೆ ಹೋಗಿ ಅಮೆರಿಕದ ಅರ್ವಿನ್ ಬಳಗ ಸೇರಿತು. ಅಮೆರಿಕದವರು ತಮ್ಮ ಮಣ್ಣಿನದೇ ಎಂದು ಹೆಮ್ಮೆಪಡುವ ವಿಲ್ಟನ್ ವೈಸ್, ಸ್ಪಿಂಡಲನ್ನು ಪೂರ್ತಿ ಮುಚ್ಚಿ ಗುಂಡಿನಾಕಾರದ ಬಾಡಿಯಲ್ಲಿ ಬರುವಂಥದ್ದು. 1941ರಲ್ಲಿ ಶಿಕಾಗೋದಲ್ಲಿ ಅದನ್ನು ಶುರುಮಾಡಿದವರು ಚೆಕ್ ನಾಡಿನಿಂದ ವಲಸೆ ಹೋದ ಹ್ಯೂ ವೋಗಲ್. ಈಗ ಅದೇ ಹೆಸರಿನಡಿ ಅಮೆರಿಕದಲ್ಲಿ ಮಾಡಿದ ವೈಸೂ ಸಿಗುತ್ತದೆ, ಹೊರಗೆ ಮಾಡಿಸಿ ತಂದದ್ದೂ ಸಿಗುತ್ತದೆ. ಬಣ್ಣವೂ ಹೆಸರೂ ಒಂದೇ ಇದ್ದು ಒಳಗಿನ ಬೀಡು ಬೇರೆಯಾಗಿದ್ದರೆ, ಹೆಸರನ್ನೂ ಊರನ್ನೂ ನೆಚ್ಚಿ ಕೂರುವವರಿಗೆ ಉಳಿಯುವ ಆಧಾರ ಏನು?

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಗುಜರಿ ಅಂಗಡಿಗೆ ಹೋಗಿ ನೋಡಿ, ಅರವತ್ತು ಎಪ್ಪತ್ತು ವರ್ಷದ ಹಿಂದಿನ ಇಂಗ್ಲಿಷ್ ವೈಸುಗಳು ಇನ್ನೂ ಗಟ್ಟಿಮುಟ್ಟಾಗಿವೆ. ನಿನ್ನೆ ಮೊನ್ನೆ ಕೊಂಡದ್ದು ಮೂರೇ ವರ್ಷದಲ್ಲಿ ಅಲುಗಾಡುತ್ತಿದೆ, ಇದಕ್ಕೇನು ಹೇಳುತ್ತೀರಿ ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಕಾಲದ ಒಳ್ಳೆಯ ತಯಾರಕರು ಲೋಹವನ್ನು ಉದಾರವಾಗಿ ಹಾಕಿದ್ದರು, ತೋಳನ್ನು ನಾಲ್ಕೂ ಮೈ ಕೊರೆದು ಕೂಡಿಸಿದ್ದರು ಎಂಬುದು ನಿಜ. ಉಳಿದರ್ಧವನ್ನೂ ನೋಡಬೇಕು. ಆ ಕಾಲದಲ್ಲೂ ಕಳಪೆ ವೈಸುಗಳು ಬೇಕಾದಷ್ಟು ಬಂದಿದ್ದವು. ಅವು ಒಡೆದು, ಕರಗಿ, ಯಾವತ್ತೋ ಬೇರೆ ಎರಕಗಳಾಗಿ ಹೋಗಿವೆ. ಗುಜರಿಯಲ್ಲಿ ಇಂದು ಕಣ್ಣಿಗೆ ಬೀಳುವುದು ಬದುಕಿ ಉಳಿದವು ಮಾತ್ರ. ಸತ್ತವುಗಳನ್ನು ಲೆಕ್ಕಕ್ಕೆ ಹಿಡಿಯದೆ ಉಳಿದವುಗಳಿಂದ ಒಂದು ದೇಶದ, ಒಂದು ಕಾಲದ ಗುಣವನ್ನು ಅಳೆಯುವುದು ತಪ್ಪು ಲೆಕ್ಕ. ಇನ್ನೂ ಒಂದು ಅಂಶವಿದೆ. ಆಗ ಹಡಗಿನಲ್ಲಿ ದೂರ ಸಾಗಿಸಿ, ಸುಂಕ ತೆತ್ತು, ರೈಲ್ವೆ ವರ್ಕ್‌ಶಾಪಿಗೋ ಗಿರಣಿಗೋ ತರಿಸುತ್ತಿದ್ದವರು ದುಬಾರಿಯದನ್ನೇ ಆರಿಸಿ ತರಿಸುತ್ತಿದ್ದರು. ಅಗ್ಗದ ವೈಸಿಗೆ ಆ ಸಾಗಣೆಯ ಖರ್ಚೇ ದಕ್ಕುತ್ತಿರಲಿಲ್ಲ. ಈಗ ಕಂಟೇನರ್ ಹಡಗುಗಳ ಕಾಲದಲ್ಲಿ ತೀರಾ ಅಗ್ಗದ್ದೂ ಸಮುದ್ರ ದಾಟಿ ಬರುತ್ತದೆ. ಇಂಪೋರ್ಟೆಡ್ ಎಂಬ ಮುದ್ರೆಗೆ ಅಂದು ತಾನಾಗಿಯೇ ಇದ್ದ ಜರಡಿ ಇಂದು ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ನ್ಯಾಯವಾದದ್ದು. ಕೊಳ್ಳುವವನ ಕೈಯಲ್ಲಿ ಪ್ರಯೋಗಾಲಯ ಇರುವುದಿಲ್ಲ, ಅಂಗಡಿಯಲ್ಲಿ ವೈಸನ್ನು ಎಳೆದು ಮುರಿದು ನೋಡಲಾಗದು, ಹಾಗಾಗಿ ದೇಶವೋ ಬ್ರ್ಯಾಂಡೋ ಒಂದು ಗುರುತು ಬೇಕಲ್ಲವೇ ಎಂದು. ದೇಶಕ್ಕಿಂತ ಬ್ರ್ಯಾಂಡ್ ಮೇಲು, ಒಪ್ಪುತ್ತೇನೆ. ಹೆಸರು ಕೆಟ್ಟರೆ ನಷ್ಟವಾಗುವ ಒಬ್ಬ ಮಾಲೀಕ ಅದರ ಹಿಂದೆ ಇರುತ್ತಾನೆ. ಆದರೆ ವೈಸ್ ತನ್ನ ಗುಣವನ್ನು ಬಚ್ಚಿಡುವ ವಸ್ತುವಲ್ಲ. ಒಂದು ಕಾಗದ, ಒಂದು ಹಳೆಯ ನಯ ಅರ, ಒಂದು ಸಣ್ಣ ಸುತ್ತಿಗೆ ಇದ್ದರೆ ಅಂಗಡಿಯ ಕಟ್ಟೆಯ ಮೇಲೆಯೇ ಬಹಳಷ್ಟು ತಿಳಿಯುತ್ತದೆ. ಮೊದಲು ಕಾಗದವನ್ನು ನಾಲ್ಕು ಪಟ್ಟಿಯಾಗಿ ಹರಿದು ದವಡೆಯ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ ಇಟ್ಟು ಬೆರಳ ತುದಿಯಿಂದ ಹಗುರಾಗಿ ಬಿಗಿಯಿರಿ. ಒಳ್ಳೆಯ ವೈಸಿನಲ್ಲಿ ಮೇಲಿನ ಎರಡು ಪಟ್ಟಿಗಳು ಮೊದಲು ಹಿಡಿತಕ್ಕೆ ಬರುತ್ತವೆ. ಪೂರ್ತಿ ಬಿಗಿದಾಗ ದವಡೆ ತುಸು ಹಿಂದಕ್ಕೆ ಬಾಗಿ ಇಡೀ ಮುಖ ಕೂಡಲಿ ಎಂದು ಹಾಗೆ ಮಾಡಿರುತ್ತಾರೆ. ಎಡಗಡೆಯದು ಬಿಗಿಯಾಗಿದ್ದು ಬಲಗಡೆಯದು ಸುಮ್ಮನೆ ಜಾರಿ ಬಂದರೆ ದವಡೆ ಓರೆ. ಕೆಳಗಿನದು ಬಿಗಿಯಾಗಿ ಮೇಲಿನದು ಸಡಿಲವಾದರೆ ಇನ್ನೂ ಕೆಟ್ಟದ್ದು; ಅಂಥ ವೈಸ್ ತೆಳುವಾದ ಜಾಬನ್ನು ಎಂದೂ ಹಿಡಿಯದು. ಆಮೇಲೆ ದವಡೆಗೆ ಹಾಕಿರುವ ಉಕ್ಕಿನ ಪ್ಲೇಟಿನ ಮೂಲೆಯನ್ನು ಅರದಿಂದ ತಾಕಿಸಿ ನೋಡಿ. ಸರಿಯಾಗಿ ಗಡಸು ಮಾಡಿದ ಪ್ಲೇಟಿನ ಮೇಲೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಕಚ್ಚಿ ಹೊಳೆಯುವ ಗೆರೆ ಎದ್ದರೆ ಅದು ಮೆತ್ತನೆಯ ಉಕ್ಕು, ಒಂದು ವರ್ಷದಲ್ಲಿ ಹಲ್ಲು ಸವೆಯುತ್ತದೆ. ಪ್ಲೇಟಿನ ಸ್ಕ್ರೂ ಬಿಚ್ಚಲು ಅಂಗಡಿಯವರು ಒಪ್ಪಿದರೆ ಅದರ ಹಿಂದನ್ನೂ ನೋಡಬೇಕು. ಅಲ್ಲಿ ಬೀಡಿನ ಮೈ ಮಿಲ್ಲಿಂಗ್ ಆಗಿ ಬೆಳ್ಳಗಿದೆಯೋ, ಬಣ್ಣ ಬಳಿದ ಒರಟು ಎರಕದ ಮೇಲೆಯೇ ಪ್ಲೇಟ್ ಕೂರಿಸಿದ್ದಾರೋ ಎಂಬುದರಲ್ಲಿ ತಯಾರಕನ ಮನಸ್ಸು ಕಾಣುತ್ತದೆ.

ಇನ್ನು ತೋಳನ್ನು ಮುಕ್ಕಾಲು ಪಾಲು ಹೊರಗೆ ತೆಗೆದು ದವಡೆಯನ್ನು ಹಿಡಿದು ಮೇಲಕ್ಕೂ ಪಕ್ಕಕ್ಕೂ ಅಲುಗಾಡಿಸಬೇಕು. ಎಣ್ಣೆ ಹಾಕಿ ಸರಿಯಲು ಬೇಕಾದಷ್ಟು ಸಡಿಲ ಇದ್ದೇ ಇರುತ್ತದೆ. ದವಡೆ ಕಣ್ಣಿಗೆ ಕಾಣುವಷ್ಟು ತಲೆಯೆತ್ತಿದರೆ ತೋಳನ್ನು ಯಂತ್ರಕ್ಕೆ ಹಾಕಿಯೇ ಇಲ್ಲ, ಎರೆದದ್ದನ್ನು ಎರೆದಂತೆಯೇ ತೂರಿಸಿದ್ದಾರೆ ಎಂದರ್ಥ. ಈ ಒಂದು ಜಾಗದಲ್ಲಿ ಅಗ್ಗದ ವೈಸ್, ಅದು ಯಾವ ದೇಶದ್ದೇ ಇರಲಿ, ತಪ್ಪದೆ ಸಿಕ್ಕಿಬೀಳುತ್ತದೆ. ತೋಳನ್ನು ಹೊರಗೆ ಎಳೆದಾಗ ಒಳಗಿನ ನಟ್ ಕಾಣಿಸುತ್ತದೆ. ಅದು ಬಾಡಿಯ ಜೊತೆಯಲ್ಲೇ ಎರೆದದ್ದಾದರೆ ಥ್ರೆಡ್ ಸವೆದ ದಿನ ಇಡೀ ವೈಸ್ ಹೋದಂತೆ. ಬೇರೆಯಾಗಿ ಮಾಡಿ ಬೋಲ್ಟಿನಿಂದ ಕೂರಿಸಿದ್ದರೆ ಬದಲಾಯಿಸಬಹುದು. ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಎರಕದಲ್ಲಿ ಗಾಳಿ ಸೇರಿ ಆದ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಮೇಲೆ ದಪ್ಪಗೆ ಬಣ್ಣ ಹೊಡೆಯುವುದು ಹಳೆಯ ಅಭ್ಯಾಸ. ದವಡೆಯ ಬುಡದಲ್ಲಿ ಬಣ್ಣದ ಮೇಲ್ಮೈ ಅತಿ ನಯವಾಗಿದ್ದರೆ ಉಗುರಿನಿಂದ ಒತ್ತಿ ನೋಡುವುದು ತಪ್ಪಲ್ಲ. ಕೊನೆಗೆ ವೈಸನ್ನು ತಲೆಕೆಳಗು ಮಾಡಿ ತಳ ನೋಡಬೇಕು. ತಳ ಸಮವಾಗಿಲ್ಲದೆ ಮೂರು ಕಾಲ ಮೇಲೆ ನಿಲ್ಲುವ ವೈಸನ್ನು ಬೋಲ್ಟ್ ಹಾಕಿ ಬಿಗಿದರೆ ನಾಲ್ಕನೆಯ ಕಿವಿ ಮುರಿಯುತ್ತದೆ, ಆಗ ತಪ್ಪು ಬಿಗಿದವನ ಮೇಲೆ ಬರುತ್ತದೆ. ಸುತ್ತಿಗೆಯ ಪರೀಕ್ಷೆಯನ್ನು ಫೌಂಡ್ರಿಯ ಅನುಭವಿಗಳು ಚೆನ್ನಾಗಿ ಬಲ್ಲರು: ಹಗುರಾಗಿ ತಟ್ಟಿದರೆ ಎಸ್‌ಜಿ ಬೀಡು ಗಂಟೆಯ ಹಾಗೆ ಕೊಂಚ ಹೊತ್ತು ನಾದ ಕೊಡುತ್ತದೆ, ಬೂದು ಬೀಡು ಮಂಕಾಗಿ ಠಪ್ಪೆಂದು ನಿಲ್ಲುತ್ತದೆ. ಜೋಡಿಸಿದ ವೈಸಿನಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗದು. ಬಿಡಿ ತೋಳನ್ನು ಹಗ್ಗಕ್ಕೆ ತೂಗುಹಾಕಿ ತಟ್ಟಿದರೆ ಕಿವಿಗೆ ಚೆನ್ನಾಗಿ ತಿಳಿಯುತ್ತದೆ.

ಮೂರನೆಯ ಆಕ್ಷೇಪಕ್ಕೆ ನನ್ನ ಉತ್ತರ ಒಪ್ಪಿಗೆಯಿಂದ ಶುರುವಾಗುತ್ತದೆ. ಜರ್ಮನಿಯ ಹೊಯರ್ ವೈಸಿನಂತೆ ಪೂರ್ತಿ ಉಕ್ಕಿನಲ್ಲಿ ಫೋರ್ಜ್ ಮಾಡಿದ್ದು ಬೀಡಿನ ಯಾವ ವೈಸಿಗಿಂತಲೂ ಮೇಲು ಎನ್ನುವವರ ಮಾತು ನಿಜ. ಅದರ ದವಡೆ ಮುರಿಯುವುದು ಅಪರೂಪದಲ್ಲಿ ಅಪರೂಪ. ಆದರೆ ಆ ಮೇಲ್ಮೆ ಜರ್ಮನಿಯದಲ್ಲ, ಫೋರ್ಜ್ ಮಾಡಿದ ಉಕ್ಕಿನದು. ಅಂಥ ವೈಸನ್ನು ಫೋರ್ಜಿಂಗ್ ಬಲ್ಲ ಯಾವ ಊರಿನಲ್ಲೂ ಮಾಡಬಹುದು, ಮತ್ತು ಜರ್ಮನಿಯ ಹೆಸರಿನ ವ್ಯಾಪಾರಿಗಳು ಬೀಡಿನ ವೈಸನ್ನು ಮಾರುವುದೂ ಉಂಟು. ಜೊತೆಗೆ ಕೇಳಿಕೊಳ್ಳಬೇಕಾದದ್ದು, ಅದು ಯಾರಿಗೆ ಬೇಕು ಎಂಬುದು. ದಿನವಿಡೀ ಉಳಿ ಹಿಡಿದು ಬಡಿಯುವವರಿಗೆ, ದಪ್ಪ ಸರಳು ಬಗ್ಗಿಸುವವರಿಗೆ, ಭಾರಿ ಯಂತ್ರಗಳ ರಿಪೇರಿಯವರಿಗೆ ಅದು ಹಾಕಿದ ದುಡ್ಡನ್ನು ತೀರಿಸುತ್ತದೆ. ಮೋಟಾರು ರಿವೈಂಡಿಂಗ್ ಮಾಡುವವರಿಗೆ, ಬೀಗದ ಕೈ ಮಾಡುವವರಿಗೆ, ಪಂಪು ಬಿಚ್ಚಿ ಜೋಡಿಸುವ ರೈತರಿಗೆ ಹಲವು ಪಟ್ಟು ಬೆಲೆ ಕೊಟ್ಟು ಅದನ್ನು ತರುವ ಅಗತ್ಯವಿಲ್ಲ. ಸರಿಯಾಗಿ ಎರೆದು, ಸರಿಯಾಗಿ ಕೊರೆದ ಬೀಡಿನ ವೈಸ್ ಅವರ ಕೆಲಸಕ್ಕೆ ಧಾರಾಳ ಸಾಕು.

ಇನ್ನು ಸ್ವದೇಶಿಯ ಮಾತು. ನಮ್ಮ ಕಾರ್ಖಾನೆಗಳು ಬದುಕಬೇಕಾದರೆ ನಾವು ನಮ್ಮದನ್ನೇ ಕೊಳ್ಳಬೇಕು, ಗುಣದಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಹಿಸಬೇಕು ಎನ್ನುವವರಿದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಸಹಿಸುವ ಭಾಗವನ್ನು ಮಾತ್ರ ಒಪ್ಪಲಾರೆ. ಹೀಗೆ ಸಹಿಸಿದಾಗ ಪೆಟ್ಟು ಬೀಳುವುದು ನಮ್ಮದೇ ಒಳ್ಳೆಯ ತಯಾರಕನಿಗೆ. ಅವನು ತೋಳನ್ನು ಮಿಲ್ಲಿಂಗ್ ಮಾಡಿ, ಪ್ಲೇಟನ್ನು ಗಡಸು ಮಾಡಿ, ಎರಡು ಕೆ.ಜಿ. ಹೆಚ್ಚು ಬೀಡು ಸುರಿದು ಮಾರುಕಟ್ಟೆಗೆ ಬರುತ್ತಾನೆ. ಪಕ್ಕದವನು ಇದಾವುದನ್ನೂ ಮಾಡದೆ ಅದೇ ಇಂಚು, ಅದೇ ಬಣ್ಣ, ಮುಕ್ಕಾಲು ಬೆಲೆ ಎನ್ನುತ್ತಾನೆ. ಕೊಳ್ಳುವವರಿಗೆ ಇಬ್ಬರೂ ಲೋಕಲ್. ಒಳ್ಳೆಯವನು ಒಂದೆರಡು ವರ್ಷ ತಡೆದು, ಮೂರನೆಯ ವರ್ಷ ತಾನೂ ಮಿಲ್ಲಿಂಗ್ ಬಿಡುತ್ತಾನೆ ಅಥವಾ ಒಳ್ಳೆಯ ಮಾಲನ್ನು ರಫ್ತಿಗೆ ಮಾತ್ರ ಇಟ್ಟುಕೊಳ್ಳುತ್ತಾನೆ. ಸ್ವದೇಶಿ ಉದ್ಯಮಕ್ಕೆ ನಿಜವಾದ ನೆರವು ಎಂದರೆ ಕಾಗದ, ಅರ, ತಕ್ಕಡಿ ಹಿಡಿದು ಬರುವ ಗಿರಾಕಿ. ಅವನು ಒಳ್ಳೆಯ ಮಾಲಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡಲು ಸಿದ್ಧನಿರುತ್ತಾನೆ, ಯಾಕೆ ಕೊಡುತ್ತಿದ್ದೇನೆ ಎಂಬುದೂ ಅವನಿಗೆ ಗೊತ್ತಿರುತ್ತದೆ.

ಇಂಥ ಗಿರಾಕಿಗಳಲ್ಲಿ ಎಲ್ಲರಿಗಿಂತ ದೊಡ್ಡವರು ನಮ್ಮ ಐಟಿಐಗಳು, ಪಾಲಿಟೆಕ್ನಿಕ್‌ಗಳು, ಸರ್ಕಾರಿ ವರ್ಕ್‌ಶಾಪುಗಳು. ಎರಡು ವರ್ಷದ ಫಿಟ್ಟರ್ ತರಬೇತಿಯಲ್ಲಿ ಹುಡುಗರೂ ಹುಡುಗಿಯರೂ ಮೊದಲ ತಿಂಗಳುಗಳನ್ನು ಕಳೆಯುವುದೇ ವೈಸಿನ ಮುಂದೆ, ಅರ ಹಿಡಿದು. ಅಲುಗಾಡುವ ದವಡೆಯಲ್ಲಿ ಹಿಡಿದ ತುಂಡನ್ನು ಎಷ್ಟು ಉಜ್ಜಿದರೂ ಮೂಲೆಮಟ್ಟ ಕೂರುವುದಿಲ್ಲ. ತಪ್ಪು ತನ್ನ ಕೈಯದು ಎಂದು ಹದಿನಾರರ ವಿದ್ಯಾರ್ಥಿ ನಂಬಿಬಿಡುತ್ತಾನೆ, ಕೈಯ ಮೇಲಿನ ಭರವಸೆ ಕಳೆದುಕೊಳ್ಳುತ್ತಾನೆ. ಇದು ನನಗೆ ಬಹಳ ಗಂಭೀರವಾಗಿ ಕಾಣುತ್ತದೆ. ಕೊಳ್ಳುವ ಕಾಗದದಲ್ಲಿ ಇಂಚು ಮತ್ತು ಸಂಖ್ಯೆಯಷ್ಟನ್ನೇ ಬರೆದು ಅತಿ ಕಡಿಮೆ ದರಕ್ಕೆ ಟೆಂಡರ್ ಕೊಟ್ಟರೆ ಬರುವುದು ಅಂಥ ವೈಸೇ. ಬೆಂಚ್ ವೈಸಿಗೆಂದೇ ಐಎಸ್ 2586 ಎಂಬ ಭಾರತೀಯ ಮಾನಕ ಇದೆ. ಅದನ್ನು ಹೆಸರಿಸಿದರೆ ಒಂದು ತಳಪಾಯ ಸಿಕ್ಕಿತು. ಅದರ ಮೇಲೆ ಇನ್ನು ಕೆಲವು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಡ: ಬೀಡಿನ ದರ್ಜೆ ಇಂಥದ್ದು, ತೂಕ ಇಷ್ಟಕ್ಕೆ ಕಡಿಮೆ ಇರಬಾರದು, ತೋಳು ಯಂತ್ರಗೆಲಸ ಆಗಿರಬೇಕು, ನಟ್ ಬದಲಾಯಿಸುವಂತಿರಬೇಕು, ಬಂದ ಮಾಲಿನಲ್ಲಿ ಮನಬಂದಂತೆ ಆರಿಸಿದ ಎರಡು ವೈಸನ್ನು ಬಿಚ್ಚಿ ಪರೀಕ್ಷಿಸುತ್ತೇವೆ, ಒಪ್ಪದಿದ್ದರೆ ಇಡೀ ಲಾಟ್ ವಾಪಸು. ಪರೀಕ್ಷೆಗೆ ಬೇಕಾದ ಅಳತೆಯ ಸಾಧನಗಳು ಸಂಸ್ಥೆಯ ವರ್ಕ್‌ಶಾಪಿನಲ್ಲೇ ಇವೆ, ಬಿಚ್ಚಿ ನೋಡಬಲ್ಲ ಬೋಧಕರೂ ಅಲ್ಲೇ ಇದ್ದಾರೆ. ಈ ಸಾಲುಗಳಿರುವ ಟೆಂಡರು ಹೊರಟರೆ ಜಲಂಧರಿನವರೂ ಉತ್ತರಿಸಬಹುದು, ಉದ್ಯಮಬಾಗಿನವರೂ ಉತ್ತರಿಸಬಹುದು, ಆಮದು ಮಾಡುವವರೂ ಬರಬಹುದು. ಬಂದ ವೈಸುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ವಾಪಸು ಲಾರಿಗೆ ಏರಿಸಬೇಕು ಎಂಬುದನ್ನು ಬೋಧಕರು ತಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳಿಂದಲೇ ಪರೀಕ್ಷೆ ಮಾಡಿಸಿ ತೀರ್ಮಾನಿಸಬಹುದು.